ಸಣ್ಣ ಸಾಫ್ಟ್‌ವೇರ್ ಕಂಪನಿಯ ಷೇರು: ಕೊಳ್ಳುವ ಮುನ್ನ ಓದಬೇಕಾದ ಕಾಗದಗಳು

ಹಣಕಾಸು ಪ್ರಶ್ನೋತ್ತರ

ಕಲಬುರಗಿ, ಬೀದರ್ ಮತ್ತು ಯಾದಗಿರಿ ಜಿಲ್ಲೆಗಳ ಓದುಗರಿಂದ ಈಚೆಗೆ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯವನ್ನು ಕುರಿತಿದ್ದುದರಿಂದ, ಈ ಸಂಚಿಕೆಯ ಅಂಕಣವನ್ನು ಸಣ್ಣ ತಂತ್ರಜ್ಞಾನ ಕಂಪನಿಗಳ ಷೇರುಗಳಿಗೇ ಮೀಸಲಿಟ್ಟಿದ್ದೇವೆ. ಓದುಗರು ಹೆಸರಿಸಿದ ಕಂಪನಿಗಳ ಹೆಸರನ್ನು ಇಲ್ಲಿ ಬಿಟ್ಟಿದೆ. ಲೆಕ್ಕವನ್ನು ವಿವರಿಸಲು ಕೊಟ್ಟಿರುವ ಅಂಕಿಗಳು ಉದಾಹರಣೆಗಾಗಿ ಮಾತ್ರ.

ಪ್ರಶ್ನೆ: ನಾನು ನಿವೃತ್ತ ಪ್ರೌಢಶಾಲಾ ಶಿಕ್ಷಕ. ನಿವೃತ್ತಿಯ ಹಣದಲ್ಲಿ ನಾಲ್ಕು ಲಕ್ಷ ರೂಪಾಯಿಯನ್ನು ಒಂದು ಸಣ್ಣ ಸಾಫ್ಟ್‌ವೇರ್ ಕಂಪನಿಯಲ್ಲಿ ತೊಡಗಿಸುವ ಯೋಚನೆಯಿದೆ. ಅದು ನಗರಸಭೆಗಳಿಗೆ ಕ್ಯಾಮೆರಾ ಮತ್ತು ಸಂಚಾರ ನಿಯಂತ್ರಣದ ವ್ಯವಸ್ಥೆ ಮಾಡಿಕೊಡುತ್ತದೆ. ಎಸ್‌ಎಂಇ (ಸಣ್ಣ ಮತ್ತು ಮಧ್ಯಮ ಉದ್ಯಮಗಳ) ವೇದಿಕೆಗೆ 92 ರೂಪಾಯಿಗೆ ಬಂದ ಷೇರು ಈಗ 310 ರೂಪಾಯಿ ಇದೆ. ಲಾಭವೂ ವರ್ಷದಿಂದ ವರ್ಷಕ್ಕೆ ಏರುತ್ತಿದೆ. ಕೊಳ್ಳುವ ಮುನ್ನ ಏನೇನು ನೋಡಬೇಕು?
— ನಿವೃತ್ತ ಶಿಕ್ಷಕರು, ಕಲಬುರಗಿ

ಉತ್ತರ: ಕಂಪನಿಯನ್ನು ನೋಡುವುದಕ್ಕೂ ಮೊದಲು ಅದು ವಹಿವಾಟಾಗುವ ಪೇಟೆಯನ್ನು ನೋಡಿ. ಬಿಎಸ್‌ಇ ಮತ್ತು ಎನ್‌ಎಸ್‌ಇ ಷೇರು ವಿನಿಮಯ ಕೇಂದ್ರಗಳು 2012ರಲ್ಲಿ ಆರಂಭಿಸಿದ ಎಸ್‌ಎಂಇ ವೇದಿಕೆಗಳು, ಪಾವತಿಯಾದ ಬಂಡವಾಳ 25 ಕೋಟಿ ರೂಪಾಯಿ ಮೀರದ ಕಂಪನಿಗಳಿಗೆಂದು ಇರುವಂಥವು. ಮುಖ್ಯ ಪೇಟೆಯ ಕಂಪನಿಗಳು ಮೂರು ತಿಂಗಳಿಗೊಮ್ಮೆ ಫಲಿತಾಂಶ ಪ್ರಕಟಿಸಿದರೆ ಇಲ್ಲಿನ ಕಂಪನಿಗಳು ಆರು ತಿಂಗಳಿಗೊಮ್ಮೆ ಪ್ರಕಟಿಸಿದರೆ ಸಾಕು. ಷೇರುಗಳನ್ನು ಒಂದೊಂದಾಗಿ ಕೊಳ್ಳಲಾಗದು, ಲಾಟ್ ಲೆಕ್ಕದಲ್ಲೇ ಕೊಳ್ಳಬೇಕು. ನಿಮ್ಮ ಕಂಪನಿಯ ಲಾಟ್ 1,200 ಷೇರುಗಳದ್ದು ಎಂದುಕೊಂಡರೆ, 310 ರೂಪಾಯಿಯಂತೆ ಒಂದು ಲಾಟ್‌ಗೆ 3,72,000 ರೂಪಾಯಿ ಬೇಕು. ಅಂದರೆ ನೀವು ತೆಗೆದಿಟ್ಟ ಹಣವೆಲ್ಲ ಒಂದೇ ಲಾಟ್‌ಗೆ ಮುಗಿಯುತ್ತದೆ. ಮುಂದೆ ಅನುಮಾನ ಬಂದಾಗ ಅರ್ಧವನ್ನು ಮಾರಿ ಅರ್ಧವನ್ನು ಉಳಿಸಿಕೊಳ್ಳುವ ದಾರಿಯೂ ಇರುವುದಿಲ್ಲ. 2025ರಲ್ಲಿ ಷೇರುಪೇಟೆಯ ನಿಯಂತ್ರಕ ಸಂಸ್ಥೆಯಾದ ಸೆಬಿ ನಿಯಮಗಳನ್ನು ಬಿಗಿಗೊಳಿಸಿ, ಎಸ್‌ಎಂಇ ಐಪಿಒಗಳಿಗೆ (ಸಾರ್ವಜನಿಕರಿಗೆ ಮೊದಲ ಬಾರಿ ಷೇರು ನೀಡಿಕೆ) ಅರ್ಜಿ ಹಾಕುವ ಕನಿಷ್ಠ ಮೊತ್ತವನ್ನು ಎರಡು ಲಕ್ಷ ರೂಪಾಯಿಗೂ ಮೇಲಕ್ಕೆ ಏರಿಸಿತು. ಹಿಂದಿನ ಮೂರು ವರ್ಷಗಳಲ್ಲಿ ಕನಿಷ್ಠ ಎರಡು ವರ್ಷವಾದರೂ ಒಂದು ಕೋಟಿ ರೂಪಾಯಿಯ ಕಾರ್ಯಾಚರಣೆಯ ಲಾಭ ಇರಬೇಕೆಂದೂ ವಿಧಿಸಿತು. ಸಣ್ಣ ಉಳಿತಾಯಗಾರರು ಈ ಪೇಟೆಯಿಂದ ದೂರವಿರಲಿ ಎಂಬ ಇಂಗಿತ ಆ ಮೊತ್ತದಲ್ಲೇ ಇದೆ ಎಂದು ನಾನು ತಿಳಿಯುತ್ತೇನೆ.

ಇನ್ನು ಕಂಪನಿಯ ವಿಚಾರ. ಐಪಿಒ ಸಮಯದ ವಿವರಣ ಪತ್ರವಾದ ಪ್ರಾಸ್ಪೆಕ್ಟಸ್ ಮತ್ತು ಆ ಬಳಿಕದ ವಾರ್ಷಿಕ ವರದಿಗಳು ಷೇರು ವಿನಿಮಯ ಕೇಂದ್ರದ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತವೆ. ಅವುಗಳಲ್ಲಿ ಅಧ್ಯಕ್ಷರ ಸಂದೇಶ ಮತ್ತು ಬಣ್ಣದ ಚಿತ್ರಗಳಿರುವ ಪುಟಗಳನ್ನು ದಾಟಿ, ನಗದು ಹರಿವಿನ ಪಟ್ಟಿಯನ್ನು ಮೊದಲು ತೆರೆಯಿರಿ. ಲಾಭ ಏರುತ್ತಿದೆ ಎಂದು ಬರೆದಿದ್ದೀರಿ, ಸರಿ. ಆದರೆ ಲೆಕ್ಕಪತ್ರದಲ್ಲಿ ಬಿಲ್ ಬರೆದ ದಿನವೇ ಆದಾಯ ಹುಟ್ಟುತ್ತದೆ, ಹಣ ಬರುವುದು ಯಾವಾಗಲೋ. ನೆಹರು ಗಂಜಿನ ಅಡತ್ ಅಂಗಡಿಯ ವ್ಯಾಪಾರವನ್ನು ಅಳೆಯುವವರು ಹೇಗೆ ಮಾರಾಟದ ಮೊತ್ತಕ್ಕಿಂತ ಉದ್ರಿಯ ಖಾತೆಯನ್ನು ಮೊದಲು ಕೇಳುತ್ತಾರೋ, ಇಲ್ಲಿಯೂ ಹಾಗೆಯೇ ಕೇಳಬೇಕು. ಒಂದು ಕಂಪನಿಯ ವರ್ಷದ ವಹಿವಾಟು 40 ಕೋಟಿ, ನಿವ್ವಳ ಲಾಭ 6 ಕೋಟಿ, ಗ್ರಾಹಕರಿಂದ ಬರಬೇಕಾದ ಬಾಕಿ 28 ಕೋಟಿ ಎಂದಿಟ್ಟುಕೊಳ್ಳಿ. 28ನ್ನು 40ರಿಂದ ಭಾಗಿಸಿ 365ರಿಂದ ಗುಣಿಸಿದರೆ ಸುಮಾರು 255 ಬರುತ್ತದೆ. ಸರಾಸರಿ ಬಿಲ್ ವಸೂಲಾಗಲು ಎಂಟು ತಿಂಗಳಿಗೂ ಹೆಚ್ಚು ಕಾಲ ಹಿಡಿಯುತ್ತಿದೆ ಎಂದು ಅದರ ಅರ್ಥ. ಅದೇ ವರ್ಷ ಕಾರ್ಯಾಚರಣೆಯಿಂದ ಬಂದ ನಗದು ಮೈನಸ್ 3 ಕೋಟಿ ಎಂದು ತೋರಿಸಿದ್ದರೆ, 6 ಕೋಟಿಯ ಲಾಭ ಸದ್ಯಕ್ಕೆ ಕಾಗದದಲ್ಲಿ ಮಾತ್ರ ಇದೆ. ಒಂದು ವರ್ಷ ಹೀಗಾಗುವುದು ದೋಷವೇನಲ್ಲ. ಬೆಳೆಯುತ್ತಿರುವ ಕಂಪನಿಗಳಲ್ಲಿ ಅದು ಸಹಜ. ಮೂರು ವರ್ಷಗಳ ಲಾಭವನ್ನು ಒಂದೆಡೆ, ಮೂರು ವರ್ಷಗಳ ಕಾರ್ಯಾಚರಣೆಯ ನಗದನ್ನು ಇನ್ನೊಂದೆಡೆ ಕೂಡಿಸಿ. ಎರಡನೆಯ ಮೊತ್ತ ಮೊದಲನೆಯದರ ಅರ್ಧವನ್ನೂ ಮುಟ್ಟದಿದ್ದರೆ, ಅದಕ್ಕೆ ಕಾರಣವನ್ನು ಕಂಪನಿಯೇ ಬರವಣಿಗೆಯಲ್ಲಿ ಹೇಳಿದೆಯೇ ಎಂದು ಹುಡುಕಿ. ಬಾಕಿಗಳ ವಯಸ್ಸಿನ ಪಟ್ಟಿಯನ್ನು, ಎಂದರೆ ಆರು ತಿಂಗಳೊಳಗಿನ ಬಾಕಿ ಎಷ್ಟು, ಮೂರು ವರ್ಷ ದಾಟಿದ್ದು ಎಷ್ಟು ಎಂಬ ವಿವರವನ್ನು ಟಿಪ್ಪಣಿಗಳಲ್ಲಿ ಕೊಡುವುದು ಈಗ ಕಡ್ಡಾಯ. ಗ್ರಾಹಕರೆಲ್ಲ ಸರ್ಕಾರಿ ಸಂಸ್ಥೆಗಳಾಗಿರುವ ಕಂಪನಿಯಲ್ಲಿ ಆ ಪಟ್ಟಿಗಿಂತ ಮುಖ್ಯವಾದ ಪುಟ ಇನ್ನೊಂದಿಲ್ಲ.

ಸಾಫ್ಟ್‌ವೇರ್ ಕಂಪನಿಗಳಿಗೇ ವಿಶಿಷ್ಟವಾದ ಇನ್ನೊಂದು ಜಾಗವಿದೆ. ಎಂಜಿನಿಯರುಗಳ ಸಂಬಳಕ್ಕೆ ವರ್ಷಕ್ಕೆ 8 ಕೋಟಿ ಖರ್ಚಾಯಿತು ಎನ್ನಿ. ಅದರಲ್ಲಿ 5 ಕೋಟಿಯನ್ನು, ಹೊಸ ಸಾಫ್ಟ್‌ವೇರ್ ಕಟ್ಟುತ್ತಿದ್ದೇವೆ ಎಂಬ ಕಾರಣ ಕೊಟ್ಟು, ಖರ್ಚಿನ ಬದಲು ಆಸ್ತಿಯ ಸಾಲಿನಲ್ಲಿ ಬರೆಯಲು ಲೆಕ್ಕಶಾಸ್ತ್ರದ ನಿಯಮಗಳು ಕೆಲವು ಷರತ್ತುಗಳೊಂದಿಗೆ ಅವಕಾಶ ಕೊಡುತ್ತವೆ. ಹಾಗೆ ಬರೆದ ವರ್ಷ ತೆರಿಗೆಗೆ ಮುಂಚಿನ ಲಾಭ ಸುಮಾರು 5 ಕೋಟಿಯಷ್ಟು ಉಬ್ಬಿಕೊಳ್ಳುತ್ತದೆ. ಆ ಮೊತ್ತ ಮುಂದಿನ ವರ್ಷಗಳಲ್ಲಿ ಸ್ವಲ್ಪ ಸ್ವಲ್ಪವಾಗಿ ಖರ್ಚಾಗಿ ಇಳಿಯುತ್ತದೆ. ಕಾರ್ಯಾಚರಣೆಯ ನಗದೂ ಚೆನ್ನಾಗಿಯೇ ಕಾಣುತ್ತದೆ, ಏಕೆಂದರೆ ಈ ಸಂಬಳ ಹೂಡಿಕೆಯ ವಿಭಾಗದಲ್ಲಿ ಹೊರಹೋಗಿರುತ್ತದೆ. ಆದ್ದರಿಂದ ಬ್ಯಾಲೆನ್ಸ್ ಶೀಟಿನಲ್ಲಿ ‘ಅಭಿವೃದ್ಧಿಯಲ್ಲಿರುವ ಅಮೂರ್ತ ಆಸ್ತಿ’ ಎಂಬ ಸಾಲು ವರ್ಷಗಟ್ಟಲೆ ಬೆಳೆಯುತ್ತಲೇ ಹೋಗಿ, ಆ ಉತ್ಪನ್ನದಿಂದ ಒಂದು ರೂಪಾಯಿಯ ಮಾರಾಟವೂ ಆಗಿರದಿದ್ದರೆ, ನಿಜವಾದ ಲಾಭವನ್ನು ಆ ಮೊತ್ತ ಕಳೆದೇ ಲೆಕ್ಕ ಹಾಕಿಕೊಳ್ಳಿ.

ನಿಮ್ಮ ಕಂಪನಿಯ ಕ್ಷೇತ್ರದಲ್ಲಿಯೇ ನಡೆದ ಒಂದು ಪ್ರಕರಣವನ್ನು ಇಲ್ಲಿ ನೆನಪಿಸಬೇಕು. ನೋಯ್ಡಾದ ಟ್ರಾಫಿಕ್‌ಸಾಲ್ ಐಟಿಎಸ್ ಟೆಕ್ನಾಲಜೀಸ್ ಎಂಬ ಸಂಚಾರ ವ್ಯವಸ್ಥೆಯ ಕಂಪನಿ 2024ರ ಸೆಪ್ಟೆಂಬರ್‌ನಲ್ಲಿ ಬಿಎಸ್‌ಇಯ ಎಸ್‌ಎಂಇ ವೇದಿಕೆಯ ಮೂಲಕ ಸುಮಾರು 45 ಕೋಟಿ ರೂಪಾಯಿ ಸಂಗ್ರಹಿಸಲು ಹೊರಟಿತು. ಬೇಡಿಕೆ 300 ಪಟ್ಟನ್ನೂ ಮೀರಿತು. ಆ ಹಣದಲ್ಲಿ 17.70 ಕೋಟಿಯನ್ನು ಒಂದು ಸಾಫ್ಟ್‌ವೇರ್ ಕೊಳ್ಳಲು ಬಳಸುವುದಾಗಿ ವಿವರಣ ಪತ್ರದಲ್ಲಿ ಹೇಳಲಾಗಿತ್ತು. ದೂರು ಬಂದು ತನಿಖೆ ನಡೆದಾಗ, ಆ ಸಾಫ್ಟ್‌ವೇರನ್ನು ಪೂರೈಸಬೇಕಿದ್ದ ಸಂಸ್ಥೆಯೇ ಟೊಳ್ಳು ಎಂಬ ನಿರ್ಧಾರಕ್ಕೆ ಸೆಬಿ ಬಂತು. ಷೇರು ಪೇಟೆಗೆ ಬರುವ ಮೊದಲೇ, 2024ರ ಡಿಸೆಂಬರ್‌ನಲ್ಲಿ, ಹೂಡಿಕೆದಾರರ ಹಣವನ್ನು ಮರಳಿಸಲು ಆದೇಶಿಸಿತು. ಪಾಠ ಸ್ಪಷ್ಟವಾಗಿದೆ: ಕಂಪನಿಯ ಹೆಸರನ್ನು ಹುಡುಕಿದರೆ ಸಾಲದು, ಅದು ಯಾರಿಗೆ ಹಣ ಕೊಡುತ್ತದೆಯೋ ಅವರ ಹೆಸರನ್ನೂ ಹುಡುಕಬೇಕು. ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯದ ಎಂಸಿಎ ಜಾಲತಾಣದಲ್ಲಿ ಯಾವುದೇ ಕಂಪನಿಯ ಸ್ಥಾಪನೆಯ ದಿನ, ಬಂಡವಾಳ, ಕೊನೆಯ ಬ್ಯಾಲೆನ್ಸ್ ಶೀಟ್ ಸಲ್ಲಿಸಿದ ದಿನ ಮುಂತಾದವನ್ನು ಹಣ ಕೊಡದೆಯೇ ನೋಡಬಹುದು. ಹತ್ತಾರು ಕೋಟಿಯ ಸಾಫ್ಟ್‌ವೇರ್ ಮಾರುವ ಕಂಪನಿಯ ಬಂಡವಾಳ ಒಂದು ಲಕ್ಷ ರೂಪಾಯಿ ಎಂದಿದ್ದರೆ, ಹೆಚ್ಚಿನ ಸಂಶೋಧನೆಯ ಅಗತ್ಯ ಉಳಿಯುವುದಿಲ್ಲ.

ಬ್ಯಾಂಕಿನಲ್ಲಿರುವ ಹಣ ಮತ್ತು ಅದರ ಮೇಲಿನ ಬಡ್ಡಿಯನ್ನೂ ಹೊಂದಿಸಿ ನೋಡಿ. 20 ಕೋಟಿ ಠೇವಣಿಯಿದೆ ಎನ್ನುವ ಕಂಪನಿಗೆ ವರ್ಷದ ಬಡ್ಡಿ ಆದಾಯ 20 ಲಕ್ಷ ಮಾತ್ರ ಎಂದಿದ್ದರೆ, ಬಡ್ಡಿ ಶೇ 1 ಎಂದಾಯಿತು. ಆ ಹಣ ವರ್ಷವಿಡೀ ಅಲ್ಲಿ ಇತ್ತೇ ಎಂದು ಕೇಳಲೇಬೇಕು. ಈ ಪರೀಕ್ಷೆಗೂ ಮಿತಿಯಿದೆ. 2009ರ ಜನವರಿ 7ರಂದು ಹೈದರಾಬಾದಿನ ಸತ್ಯಂ ಕಂಪ್ಯೂಟರ್ಸ್ ಅಧ್ಯಕ್ಷರು ಬರೆದ ತಪ್ಪೊಪ್ಪಿಗೆ ಪತ್ರದ ಪ್ರಕಾರ, ಪುಸ್ತಕದಲ್ಲಿದ್ದ 5,361 ಕೋಟಿ ರೂಪಾಯಿ ನಗದಿನಲ್ಲಿ 5,040 ಕೋಟಿ ಇರಲೇ ಇಲ್ಲ. ಜೊತೆಗೆ 376 ಕೋಟಿ ರೂಪಾಯಿಯ ಬಡ್ಡಿಯನ್ನೂ ಸೃಷ್ಟಿಸಿಕೊಳ್ಳಲಾಗಿತ್ತು. ಸುಳ್ಳನ್ನು ಪೂರ್ತಿಯಾಗಿ ಬರೆಯಲು ನಿರ್ಧರಿಸಿದವರನ್ನು ಹೊರಗಿನ ಓದುಗ ಹಿಡಿಯುವುದು ಕಷ್ಟ. ಆದರೆ ಸಣ್ಣ ಕಂಪನಿಗಳಲ್ಲಿ ನಾವು ಕಾಣುವ ಸುಳ್ಳುಗಳು ಅಷ್ಟು ಶ್ರಮಪಟ್ಟು ಕಟ್ಟಿದವಲ್ಲ.

ನಿವೃತ್ತಿಯ ಹಣದ ಬಗ್ಗೆ ಒಂದು ಮಾತು, ನೀವು ಕೇಳದಿದ್ದರೂ. ಒಂದೇ ಲಾಟ್‌ಗೆ ಹೋಗುವ ಈ ನಾಲ್ಕು ಲಕ್ಷ ಪೂರ್ತಿ ಹೋದರೂ ಮನೆಯ ಖರ್ಚು ನಿಲ್ಲುವುದಿಲ್ಲ ಎಂದಾದರೆ ಮಾತ್ರ ಈ ಷೇರಿನ ವಿಚಾರ ಮುಂದುವರಿಸಿ.

ಪ್ರಶ್ನೆ: ನಾನು ಸೇರಿರುವ ವಾಟ್ಸ್ಆ್ಯಪ್ ಗುಂಪಿನಲ್ಲಿ ಒಂದು ಸಣ್ಣ ಟೆಕ್ ಕಂಪನಿಯ ಷೇರನ್ನು ಕೊಳ್ಳಲು ದಿನವೂ ಹೇಳುತ್ತಿದ್ದಾರೆ. ಅದು ಪ್ರತಿದಿನ ಅಪ್ಪರ್ ಸರ್ಕಿಟ್ (ಒಂದು ದಿನದಲ್ಲಿ ಬೆಲೆ ಏರಬಹುದಾದ ಗರಿಷ್ಠ ಮಿತಿ) ಮುಟ್ಟುತ್ತಿರುವುದು ನಿಜ. ಮೊಬೈಲಿನಲ್ಲಿ ನಾನೇ ನೋಡಿದ್ದೇನೆ. ನಂಬಬಹುದೇ?
— ಬಟ್ಟೆ ವ್ಯಾಪಾರಿ, ಯಾದಗಿರಿ

ಉತ್ತರ: ಬೆಲೆ ಏರುತ್ತಿರುವುದು ನಿಜವೇ ಇರಬಹುದು. ಪೇಟೆಯಲ್ಲಿ ಓಡಾಡುವ ಷೇರುಗಳು ಕಡಿಮೆಯಿದ್ದರೆ, ಕೆಲವೇ ಖಾತೆಗಳು ತಮ್ಮತಮ್ಮಲ್ಲಿ ಕೊಟ್ಟು ಕೊಂಡು ಬೆಲೆಯನ್ನು ಎತ್ತಬಹುದು. 2023ರ ಮಾರ್ಚ್‌ನಲ್ಲಿ ಸೆಬಿ ಹೊರಡಿಸಿದ ಸಾಧನಾ ಬ್ರಾಡ್‌ಕಾಸ್ಟ್ ಪ್ರಕರಣದ ಮಧ್ಯಂತರ ಆದೇಶವನ್ನು ನೋಡಿ. ಯೂಟ್ಯೂಬ್‌ನಲ್ಲಿ ಆ ಕಂಪನಿಯ ಬಗ್ಗೆ ಸುಳ್ಳು ಸುದ್ದಿಯ ವಿಡಿಯೊಗಳು ಹರಿದಾಡಿದ ಬಳಿಕ, ಅದರ ಸಣ್ಣ ಷೇರುದಾರರ ಸಂಖ್ಯೆ ಸುಮಾರು 2 ಸಾವಿರದಿಂದ 55 ಸಾವಿರ ದಾಟಿತು. ಅದೇ ಹೊತ್ತಿನಲ್ಲಿ ಪ್ರವರ್ತಕರ, ಎಂದರೆ ಕಂಪನಿಯನ್ನು ಕಟ್ಟಿ ನಡೆಸುವವರ, ಕಡೆಯವರೂ ಸೇರಿದಂತೆ ಕೆಲವರು ತಮ್ಮ ಷೇರುಗಳನ್ನು ಏರಿದ ಬೆಲೆಗೆ ಮಾರಿಕೊಂಡರು ಎಂದು ಆದೇಶ ಹೇಳುತ್ತದೆ. ಆ ಕಂಪನಿ ಟೆಲಿವಿಷನ್ ಕ್ಷೇತ್ರದ್ದು, ಆದರೆ ವಿಧಾನ ಎಲ್ಲೆಡೆಯೂ ಒಂದೇ. ಇದನ್ನು ನೀವೇ ಪತ್ತೆಹಚ್ಚಬಹುದು: ಪ್ರತಿ ಕಂಪನಿಯ ಷೇರುದಾರರ ಪಟ್ಟಿಯ ಸಾರಾಂಶ ವಿನಿಮಯ ಕೇಂದ್ರದ ಜಾಲತಾಣದಲ್ಲಿ ಸಿಗುತ್ತದೆ. ಪ್ರವರ್ತಕರ ಪಾಲು ಇಳಿಯುತ್ತಾ ಸಣ್ಣ ಷೇರುದಾರರ ಸಂಖ್ಯೆ ಹಠಾತ್ತನೆ ಉಕ್ಕಿದ್ದರೆ, ಯಾರು ಮಾರುತ್ತಿದ್ದಾರೆ, ಯಾರು ಕೊಳ್ಳುತ್ತಿದ್ದಾರೆ ಎಂಬುದು ಅಲ್ಲೇ ತಿಳಿಯುತ್ತದೆ. ಪ್ರವರ್ತಕರು ತಮ್ಮ ಷೇರುಗಳನ್ನು ಸಾಲಕ್ಕೆ ಅಡವಿಟ್ಟಿದ್ದರೆ ಅದೂ ಅದೇ ಪಟ್ಟಿಯಲ್ಲಿರುತ್ತದೆ.

ಷೇರು ಎಎಸ್‌ಎಂ ಅಥವಾ ಜಿಎಸ್‌ಎಂ ಎಂಬ ಕಣ್ಗಾವಲಿನ ಪಟ್ಟಿಯಲ್ಲಿದೆಯೇ ಎಂಬುದನ್ನೂ ನೋಡಿ. ನಿಮ್ಮ ಬ್ರೋಕರ್ ಆ್ಯಪ್‌ನಲ್ಲಿ ಆ ಗುರುತು ಕಾಣಿಸುತ್ತದೆ. ಏರುವಾಗ ಸರ್ಕಿಟ್ ಖುಷಿ ಕೊಡುತ್ತದೆ, ಇಳಿಯುವಾಗ ಅದೇ ಸರ್ಕಿಟ್ ಬಾಗಿಲು ಮುಚ್ಚುತ್ತದೆ. ದಿನಕ್ಕೆ ಶೇ 5ರಂತೆ ಹತ್ತು ದಿನ ಲೋವರ್ ಸರ್ಕಿಟ್ ಬಿದ್ದರೆ 100 ರೂಪಾಯಿಯ ಷೇರು ಸುಮಾರು 60ಕ್ಕೆ ಇಳಿದಿರುತ್ತದೆ, ಮತ್ತು ಆ ಹತ್ತೂ ದಿನ ಮಾರಲು ಇಟ್ಟ ನಿಮ್ಮ ಆರ್ಡರ್ ಕೊಳ್ಳುವವರಿಲ್ಲದೆ ಹಾಗೇ ಬಿದ್ದಿರುತ್ತದೆ.

ಗುಂಪು ನಡೆಸುವವರ ಸೆಬಿ ನೋಂದಣಿ ಸಂಖ್ಯೆಯನ್ನು ಕೇಳಿ. ಸಂಶೋಧನಾ ವಿಶ್ಲೇಷಕರ ಸಂಖ್ಯೆ ಐಎನ್‌ಎಚ್ ಅಕ್ಷರಗಳಿಂದಲೂ ಹೂಡಿಕೆ ಸಲಹೆಗಾರರದು ಐಎನ್‌ಎ ಅಕ್ಷರಗಳಿಂದಲೂ ಆರಂಭವಾಗುತ್ತದೆ. ಸಂಖ್ಯೆಯನ್ನು ಕೊಟ್ಟರೆ ಸೆಬಿಯ ಜಾಲತಾಣದಲ್ಲಿ ಹೊಂದಿಸಿ ನೋಡಿ, ಏಕೆಂದರೆ ಬೇರೆಯವರ ಸಂಖ್ಯೆಯನ್ನು ಬಳಸಿಕೊಳ್ಳುವವರೂ ಇದ್ದಾರೆ. ಗುಂಪಿನವರೇ ಕಳಿಸಿದ ಲಿಂಕಿನಿಂದ ಆ್ಯಪ್ ಹಾಕಿಕೊಂಡು ಅದರಲ್ಲಿ ಹಣ ತುಂಬಲು ಹೇಳಿದರೆ, ಅಲ್ಲಿ ಷೇರೇ ಇರುವುದಿಲ್ಲ, ಪರದೆಯ ಮೇಲಿನ ಅಂಕಿ ಮಾತ್ರ ಇರುತ್ತದೆ. ಹಣ ಈಗಾಗಲೇ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಪ್ರಶ್ನೆ: ನಾನು ಎಂಜಿನಿಯರಿಂಗ್ ವಿದ್ಯಾರ್ಥಿ. ಒಂದು ಸಣ್ಣ ಐಟಿ ಕಂಪನಿಯ ಪಿಇ ಅನುಪಾತ 18 ಇದೆ, ಅದೇ ಕ್ಷೇತ್ರದ ದೊಡ್ಡ ಕಂಪನಿಗಳದು 28–30 ಇದೆ. ಹಾಗಾದರೆ ಇದು ಅಗ್ಗವಲ್ಲವೇ?
— ವಿದ್ಯಾರ್ಥಿ, ಬೀದರ್

ಉತ್ತರ: ಬೆಲೆಯನ್ನು ಪ್ರತಿ ಷೇರಿನ ಗಳಿಕೆಯಿಂದ ಭಾಗಿಸಿದರೆ ಪಿಇ ಬರುತ್ತದೆ, ಆದ್ದರಿಂದ ಅದನ್ನು ನಂಬುವ ಮುನ್ನ ಆ ಗಳಿಕೆ ಯಾವುದರಿಂದ ಬಂತು ಮತ್ತು ಎಷ್ಟು ಷೇರುಗಳಿಗೆ ಹಂಚಿಹೋಗುತ್ತದೆ ಎಂಬ ಎರಡನ್ನೂ ತಿಳಿಯಬೇಕು. ಹಳೆಯ ಕಚೇರಿ ಮಾರಿದ ಹಣ ‘ಇತರ ಆದಾಯ’ವಾಗಿ ಈ ವರ್ಷದ ಲಾಭದಲ್ಲಿ ಸೇರಿದ್ದರೆ, ಮುಂದಿನ ವರ್ಷ ಅದು ಇರುವುದಿಲ್ಲ. ಷೇರುಗಳ ಸಂಖ್ಯೆಯ ವಿಚಾರದಲ್ಲಿ ಸಣ್ಣ ಕಂಪನಿಗಳ ಹೂಡಿಕೆದಾರರು ಇನ್ನೂ ಹೆಚ್ಚು ಎಡವುತ್ತಾರೆ. ಲಾಭ 6 ಕೋಟಿ, ಷೇರುಗಳು ಒಂದು ಕೋಟಿ, ಬೆಲೆ 108 ರೂಪಾಯಿ ಎಂದಾದರೆ ಪ್ರತಿ ಷೇರಿಗೆ ಗಳಿಕೆ 6 ರೂಪಾಯಿ, ಪಿಇ 18. ಆದರೆ ಪ್ರವರ್ತಕರಿಗೂ ಕೆಲವು ಆಪ್ತರಿಗೂ 40 ಲಕ್ಷ ವಾರೆಂಟುಗಳನ್ನು (ಮುಂದೆ ನಿಗದಿತ ಬೆಲೆಗೆ ಷೇರು ಪಡೆಯುವ ಹಕ್ಕುಗಳನ್ನು) ಕಂಪನಿ ಕೊಟ್ಟಿದ್ದರೆ, ಅವು ಷೇರುಗಳಾದ ದಿನ ಅದೇ ಲಾಭ 1.4 ಕೋಟಿ ಷೇರುಗಳಿಗೆ ಹಂಚಿಹೋಗಿ ಗಳಿಕೆ 4.29 ರೂಪಾಯಿಗೆ ಇಳಿಯುತ್ತದೆ; ಪಿಇ 25ಕ್ಕೆ ಏರುತ್ತದೆ. ಹೊಸದಾಗಿ ಬಂದ ಹಣದಿಂದ ಕಂಪನಿ ಹೆಚ್ಚು ಗಳಿಸಬಹುದು, ಗಳಿಸದೆಯೂ ಇರಬಹುದು. ಫಲಿತಾಂಶದ ಪಟ್ಟಿಯಲ್ಲಿ ‘ಬೇಸಿಕ್’ ಇಪಿಎಸ್ (ಪ್ರತಿ ಷೇರಿನ ಗಳಿಕೆ) ಕೆಳಗೆ ‘ಡೈಲ್ಯೂಟೆಡ್’ ಇಪಿಎಸ್ ಎಂಬ ಸಾಲಿರುವುದು ಇದನ್ನು ತೋರಿಸಲೆಂದೇ. ಎರಡರ ನಡುವೆ ದೊಡ್ಡ ಅಂತರವಿದ್ದರೆ ಎರಡನೆಯದನ್ನೇ ಬಳಸಿ.

ದೊಡ್ಡ ಕಂಪನಿಯ ಜೊತೆ ಹೋಲಿಸುವುದೇ ಇಲ್ಲಿ ಸರಿಯಲ್ಲ. ನೂರಾರು ಗ್ರಾಹಕರಿರುವ ಕಂಪನಿ ಒಬ್ಬ ಗ್ರಾಹಕನನ್ನು ಕಳೆದುಕೊಂಡರೆ ಅದು ಸುದ್ದಿಯಾಗುವುದಿಲ್ಲ. ಮೊದಲ ಮೂವರು ಗ್ರಾಹಕರಿಂದಲೇ ಶೇ 70ರಷ್ಟು ಆದಾಯ ಪಡೆಯುವ ಕಂಪನಿಗೆ ಒಂದು ಗುತ್ತಿಗೆ ನವೀಕರಣವಾಗದಿದ್ದರೆ ಆ ವರ್ಷವೇ ಹೋದಂತೆ. ಗ್ರಾಹಕರ ಕೇಂದ್ರೀಕರಣದ ವಿವರ ವಿವರಣ ಪತ್ರದ ಅಪಾಯಗಳ ಅಧ್ಯಾಯದಲ್ಲಿ, ಸಾಮಾನ್ಯವಾಗಿ ಆರಂಭದಲ್ಲೇ, ಇರುತ್ತದೆ.

ಪ್ರಶ್ನೆ: ಮೊದಲು ನೂಲಿನ ವ್ಯಾಪಾರ ಮಾಡುತ್ತಿದ್ದ ಕಂಪನಿಯೊಂದು ಹೆಸರು ಬದಲಿಸಿ, ಈಗ ತಾನು ಕೃತಕ ಬುದ್ಧಿಮತ್ತೆಯ ಕಂಪನಿ ಎಂದು ಹೇಳಿಕೊಳ್ಳುತ್ತಿದೆ. ಹೀಗೆ ಬದಲಾಗಲು ಸಾಧ್ಯವೇ?
— ಹುಮನಾಬಾದ್

ಉತ್ತರ: ಸಾಧ್ಯ, ಆದರೆ ಅದಕ್ಕೆ ನಿಯಮವಿದೆ. ಪಟ್ಟಿಯಲ್ಲಿರುವ ಕಂಪನಿ ಹೊಸ ವ್ಯವಹಾರವನ್ನು ಸೂಚಿಸುವ ಹೆಸರನ್ನು ಇಟ್ಟುಕೊಳ್ಳಬೇಕಾದರೆ, ಹಿಂದಿನ ಒಂದು ವರ್ಷದ ಆದಾಯದಲ್ಲಿ ಕನಿಷ್ಠ ಅರ್ಧದಷ್ಟು ಆ ವ್ಯವಹಾರದಿಂದ ಬಂದಿರಬೇಕು, ಇಲ್ಲವೇ ಆಸ್ತಿಯ ಅರ್ಧದಷ್ಟು ಮೊತ್ತವನ್ನು ಅದರಲ್ಲಿ ತೊಡಗಿಸಿರಬೇಕು ಎಂದು ಸೆಬಿಯ ಲಿಸ್ಟಿಂಗ್ ನಿಯಮಗಳು ಹೇಳುತ್ತವೆ. ಇಂಥ ನಿಯಮಕ್ಕೆ ಹಿನ್ನೆಲೆಯಿದೆ. 1999–2000ರ ಡಾಟ್‌ಕಾಮ್ ಅಬ್ಬರದಲ್ಲಿ ಹೆಸರಿನ ತುದಿಗೆ ಸಾಫ್ಟ್‌ವೇರ್, ಇನ್ಫೋಟೆಕ್ ಎಂದು ಸೇರಿಸಿಕೊಂಡ ಕಂಪನಿಗಳು ನಮ್ಮ ಪೇಟೆಯಲ್ಲಿ ಧಾರಾಳವಾಗಿದ್ದವು. ಆಗ ಕೇತನ್ ಪಾರೇಖ್ ಎಂಬ ಮುಂಬೈ ದಲ್ಲಾಳಿ ಬೆನ್ನಿಗೆ ನಿಂತ ಡಿಎಸ್‌ಕ್ಯೂ ಸಾಫ್ಟ್‌ವೇರ್, ಸಿಲ್ವರ್‌ಲೈನ್ ಟೆಕ್ನಾಲಜೀಸ್, ಪೆಂಟಾಮೀಡಿಯಾ ಗ್ರಾಫಿಕ್ಸ್ ಮುಂತಾದ ಷೇರುಗಳು ಮುಗಿಲು ಮುಟ್ಟಿ, 2001ರ ಮಾರ್ಚ್ ಹೊತ್ತಿಗೆ ಕುಸಿದವು. ಆತನನ್ನು 2003ರಲ್ಲಿ ಸೆಬಿ 14 ವರ್ಷ ಪೇಟೆಯಿಂದ ಹೊರಗಿಟ್ಟಿತು. ಷೇರು ಕೊಂಡವರ ಹಣ ಮಾತ್ರ ಮರಳಲಿಲ್ಲ.

ನೀವು ಮಾಡಬೇಕಾದುದು ಇಷ್ಟು: ವಾರ್ಷಿಕ ವರದಿಯಲ್ಲಿ ವಿಭಾಗವಾರು ಆದಾಯದ ಟಿಪ್ಪಣಿ ನೋಡಿ, ನೂಲಿನಿಂದ ಎಷ್ಟು, ಹೊಸ ವ್ಯವಹಾರದಿಂದ ಎಷ್ಟು ಎಂದು ಬರೆದುಕೊಳ್ಳಿ. ಬಳಿಕ ಸಿಬ್ಬಂದಿಯ ಸಂಬಳದ ಸಾಲಿಗೆ ಬನ್ನಿ. ಕೃತಕ ಬುದ್ಧಿಮತ್ತೆಯ ಕೆಲಸ ಮಾಡಲು ಎಂಜಿನಿಯರುಗಳು ಬೇಕು, ಅವರು ಕಡಿಮೆ ಸಂಬಳಕ್ಕೆ ಸಿಗುವುದಿಲ್ಲ. ವರ್ಷದ ಒಟ್ಟು ಸಂಬಳ 30 ಲಕ್ಷ ರೂಪಾಯಿ ಎಂದು ತೋರಿಸುವ ಕಂಪನಿಯಲ್ಲಿ ಆ ಕೆಲಸವನ್ನು ಯಾರು ಮಾಡುತ್ತಿದ್ದಾರೆ? ಈ ಒಂದು ಪ್ರಶ್ನೆಗೆ ಉತ್ತರ ಸಿಗದಿದ್ದರೆ ಉಳಿದ ಪುಟಗಳನ್ನು ಓದುವ ಶ್ರಮ ಬೇಡ.

ಪ್ರಶ್ನೆ: ವರ್ಷಕ್ಕೆ 40 ಕೋಟಿ ವಹಿವಾಟಿನ ಕಂಪನಿಗೆ ಒಂದು ರಾಜ್ಯ ಸರ್ಕಾರದಿಂದ 120 ಕೋಟಿಯ ಕೆಲಸ ಸಿಕ್ಕಿದೆ ಎಂಬ ಸುದ್ದಿ ಬಂದ ದಿನವೇ ಷೇರು ಶೇ 20 ಏರಿತು. ಈಗಲೂ ಕೊಳ್ಳಬಹುದೇ?
— ಶಹಾಪುರ, ಯಾದಗಿರಿ ಜಿಲ್ಲೆ

ಉತ್ತರ: ಸುದ್ದಿಯನ್ನು ಪತ್ರಿಕೆಯಲ್ಲಿ ಓದಬೇಡಿ, ಕಂಪನಿ ವಿನಿಮಯ ಕೇಂದ್ರಕ್ಕೆ ಕೊಟ್ಟ ಮೂಲ ಪ್ರಕಟಣೆಯನ್ನು ಓದಿ. ಕಡಿಮೆ ದರ ಕೂಗಿ ಟೆಂಡರಿನಲ್ಲಿ ಮೊದಲ ಸ್ಥಾನಕ್ಕೆ ಬಂದಿರುವುದು ಬೇರೆ, ಇಲಾಖೆ ಒಪ್ಪಿಗೆ ಪತ್ರ ಕೊಟ್ಟಿರುವುದು ಬೇರೆ, ಕರಾರಿಗೆ ಸಹಿಯಾಗಿ ಕೆಲಸದ ಆದೇಶ ಕೈಗೆ ಬಂದಿರುವುದು ಬೇರೆ. ಮೂರಕ್ಕೂ ಸುದ್ದಿಯಲ್ಲಿ ‘ಆರ್ಡರ್ ಸಿಕ್ಕಿತು’ ಎಂದೇ ಬರುತ್ತದೆ. ಅವಧಿ ಎಷ್ಟೆಂಬುದೂ ಪ್ರಕಟಣೆಯಲ್ಲಿರುತ್ತದೆ. 120 ಕೋಟಿಯ ಕೆಲಸದಲ್ಲಿ ಎರಡು ವರ್ಷ ಅಳವಡಿಕೆ, ಐದು ವರ್ಷ ನಿರ್ವಹಣೆ ಎಂದಿದ್ದರೆ ವರ್ಷಕ್ಕೆ ಸರಾಸರಿ ಸುಮಾರು 17 ಕೋಟಿ ಆಯಿತು. ಅದರಲ್ಲಿ ಕ್ಯಾಮೆರಾ, ಸರ್ವರ್, ಕೇಬಲ್‌ಗಳನ್ನು ಬೇರೆಯವರಿಂದ ಕೊಂಡು ತಂದು ಕೂರಿಸುವ ಭಾಗವೇ ಹೆಚ್ಚಾಗಿದ್ದರೆ, ಅಲ್ಲಿ ಲಾಭದ ಅಂಚು ತೆಳುವಾಗಿರುತ್ತದೆ. ಸಾಫ್ಟ್‌ವೇರ್ ಕಂಪನಿಯ ಬೆಲೆಗೆ ಯಂತ್ರದ ವ್ಯಾಪಾರಿಯನ್ನು ಕೊಂಡಂತಾಗುತ್ತದೆ.

ಹಣದ ಪ್ರಶ್ನೆ ಇಲ್ಲಿಯೂ ತಪ್ಪದು. ಕೆಲಸ ಹಿಡಿದ ಕಂಪನಿ ಬ್ಯಾಂಕ್ ಗ್ಯಾರಂಟಿ ಕೊಡಬೇಕು, ಸಾಮಗ್ರಿಯನ್ನು ಮುಂಗಡ ಕೊಟ್ಟು ಕೊಳ್ಳಬೇಕು, ಸಿಬ್ಬಂದಿಗೆ ತಿಂಗಳು ತಿಂಗಳೂ ಸಂಬಳ ಕೊಡಬೇಕು. ಇಲಾಖೆಯ ಬಿಲ್ ಹಂತ ಹಂತವಾಗಿ, ಅನುದಾನ ಬಿಡುಗಡೆಯಾದಾಗ ಪಾವತಿಯಾಗುತ್ತದೆ. ಸರ್ಕಾರಿ ಬಿಲ್‌ಗಳಿಗಾಗಿ ಗುತ್ತಿಗೆದಾರರು ಕಚೇರಿಗೆ ಅಲೆಯುವುದನ್ನು ಕಂಡಿರುವ ನಮ್ಮ ಜಿಲ್ಲೆಗಳ ಓದುಗರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ. ಹೀಗಾಗಿ, 40 ಕೋಟಿಯ ಕಂಪನಿ 120 ಕೋಟಿಯ ಕೆಲಸಕ್ಕೆ ದುಡಿಯುವ ಬಂಡವಾಳವನ್ನು ಎಲ್ಲಿಂದ ತರುತ್ತದೆ ಎಂದು ಕೇಳಿ. ಉತ್ತರ ಬ್ಯಾಂಕ್ ಸಾಲ ಎಂದಾದರೆ ಬಡ್ಡಿ ಲಾಭವನ್ನು ತಿನ್ನುತ್ತದೆ, ಹೊಸ ಷೇರು ಎಂದಾದರೆ ನಿಮ್ಮ ಪಾಲು ಕರಗುತ್ತದೆ. ದೊಡ್ಡ ಆರ್ಡರ್ ಸಿಕ್ಕಿದ ಕೆಲವೇ ತಿಂಗಳಲ್ಲಿ ಸಣ್ಣ ಕಂಪನಿಗಳು ಹಣ ಎತ್ತಲು ಹೊರಡುವುದು ಅಪರೂಪವಲ್ಲ.

ಟೆಂಡರಿನ ವಿವರವನ್ನು ಆಯಾ ರಾಜ್ಯದ ಖರೀದಿ ಪೋರ್ಟಲ್‌ನಲ್ಲಿ ಹುಡುಕಬಹುದು. ಕರ್ನಾಟಕದ್ದಾದರೆ ಕೆಪಿಪಿಪಿ ಪೋರ್ಟಲ್ ಇದೆ. ಬೆಲೆ ಒಂದೇ ದಿನ ಶೇ 20 ಏರಿದ ಮೇಲೆ ಈ ಯಾವ ವಿವರವೂ ಓಡಿಹೋಗುವುದಿಲ್ಲ. ಮುಂದಿನ ಫಲಿತಾಂಶದವರೆಗೆ ಕಾದು, ಆರ್ಡರ್ ಆದಾಯವಾಗಿ, ಆದಾಯ ನಗದಾಗಿ ಬರುತ್ತಿದೆಯೇ ಎಂದು ನೋಡಿ ಕೊಂಡರೂ ತಡವಾಗುವುದಿಲ್ಲ ಎಂಬುದು ನನ್ನ ಅಭಿಪ್ರಾಯ.

ಪ್ರಶ್ನೆ: ಇನ್ನೂ ಪೇಟೆಗೆ ಬಾರದ ಒಂದು ಟೆಕ್ ಕಂಪನಿಯ ಷೇರನ್ನು ಐಪಿಒಗೆ ಮೊದಲೇ ಕೊಡಿಸುವುದಾಗಿ ಪರಿಚಿತರೊಬ್ಬರು ಹೇಳುತ್ತಿದ್ದಾರೆ.
— ಸೇಡಂ

ಉತ್ತರ: ಪಟ್ಟಿಯಾಗದ ಸಾರ್ವಜನಿಕ ಕಂಪನಿಗಳ ಷೇರುಗಳನ್ನು ಮಾನ್ಯತೆಯಿಲ್ಲದ ಎಲೆಕ್ಟ್ರಾನಿಕ್ ವೇದಿಕೆಗಳಲ್ಲಿ ಕೊಳ್ಳಬೇಡಿ ಎಂದು ಸೆಬಿ 2024ರ ಡಿಸೆಂಬರ್‌ನಲ್ಲಿ ಎಚ್ಚರಿಸಿದೆ. ಅಲ್ಲಿ ನಡೆದ ಮೋಸಕ್ಕೆ ವಿನಿಮಯ ಕೇಂದ್ರದ ದೂರು ವ್ಯವಸ್ಥೆ ಸಿಗುವುದಿಲ್ಲ. ಬೆಲೆಯನ್ನು ಮಾರುವವರೇ ಹೇಳುತ್ತಾರೆ. ಐಪಿಒ ಬಂದರೂ, ಮೊದಲೇ ಕೊಂಡ ಷೇರುಗಳನ್ನು ಸಾಮಾನ್ಯವಾಗಿ ಆರು ತಿಂಗಳು ಮಾರಲಾಗದು. ಬರದಿದ್ದರೆ ಕೊಳ್ಳುವವರನ್ನು ನೀವೇ ಹುಡುಕಬೇಕು. ಪರಿಚಿತರು ಒಳ್ಳೆಯವರೇ ಇರಬಹುದು, ಆದರೂ ಎಂಸಿಎ ಜಾಲತಾಣದಲ್ಲಿ ಅಲ್ಪ ಶುಲ್ಕ ಕಟ್ಟಿ ಆ ಕಂಪನಿಯ ಬ್ಯಾಲೆನ್ಸ್ ಶೀಟ್ ತೆಗೆದು ನೋಡುವವರೆಗೆ ಹಣ ಕೊಡಬೇಡಿ. ಅದರಲ್ಲಿನ ಷೇರಿನ ಪುಸ್ತಕ ಮೌಲ್ಯಕ್ಕೂ ಅವರು ಹೇಳುವ ಬೆಲೆಗೂ ಇರುವ ದೂರವನ್ನು ಕಂಡರೆ ಹೆಚ್ಚಿನವರು ತಾವಾಗಿಯೇ ಹಿಂದೆ ಸರಿಯುತ್ತಾರೆ.

ಪ್ರಶ್ನೆ: ನನಗೆ ಇಂಗ್ಲಿಷ್ ಅಷ್ಟಾಗಿ ಬರುವುದಿಲ್ಲ. ಮುನ್ನೂರು ಪುಟಗಳ ವರದಿಯನ್ನು ಓದುವುದು ಹೇಗೆ?
— ಆಳಂದ

ಉತ್ತರ: ಮುನ್ನೂರು ಪುಟಗಳನ್ನು ಇಂಗ್ಲಿಷ್ ಬಲ್ಲವರೂ ಓದುವುದಿಲ್ಲ. ಷೇರುಪೇಟೆಯ ಮೂಲಪಾಠಗಳಿಗೆ ಸೆಬಿಯ ಹಣಕಾಸು ಶಿಕ್ಷಣ ಪುಸ್ತಿಕೆ ಕನ್ನಡದಲ್ಲಿಯೇ ದೊರೆಯುತ್ತದೆ. ವರದಿಯಲ್ಲಿ ನೀವು ಗುರುತಿಸಬೇಕಾದ ಶೀರ್ಷಿಕೆಗಳು ಕೆಲವೇ. ಲೆಕ್ಕಪರಿಶೋಧಕರ ವರದಿಯಲ್ಲಿ ‘ಕ್ವಾಲಿಫೈಡ್ ಒಪಿನಿಯನ್’ ಎಂದಿದ್ದರೆ ಲೆಕ್ಕದ ಒಂದು ಭಾಗವನ್ನು ಅವರು ಒಪ್ಪಿಲ್ಲ ಎಂದರ್ಥ. ‘ಡಿಸ್‌ಕ್ಲೇಮರ್ ಆಫ್ ಒಪಿನಿಯನ್’ ಎಂದಿದ್ದರೆ ಅಭಿಪ್ರಾಯ ಕೊಡಲು ಬೇಕಾದ ಪುರಾವೆಯೇ ಸಿಗಲಿಲ್ಲ ಎಂದರ್ಥ. ಅಲ್ಲಿಗೆ ಪುಸ್ತಕ ಮುಚ್ಚಬಹುದು. ‘ಎಂಫಸಿಸ್ ಆಫ್ ಮ್ಯಾಟರ್’ ಅಷ್ಟು ಗಂಭೀರವಲ್ಲ, ಆದರೆ ಆ ಪ್ಯಾರಾವನ್ನು ಯಾರಿಂದಲಾದರೂ ಓದಿಸಿಕೊಳ್ಳಿ. ‘ರಿಲೇಟೆಡ್ ಪಾರ್ಟಿ’ ಎಂಬ ಟಿಪ್ಪಣಿಯಲ್ಲಿ ಪ್ರವರ್ತಕರ ಬಂಧುಗಳು ಮತ್ತು ಅವರ ಇತರ ಕಂಪನಿಗಳ ಜೊತೆ ನಡೆದ ವ್ಯವಹಾರಗಳು ಹೆಸರು, ಮೊತ್ತ ಸಹಿತ ಇರುತ್ತವೆ. ಕಂಪನಿಯಿಂದ ಪ್ರವರ್ತಕರ ಮನೆಯವರ ಸಂಸ್ಥೆಗಳಿಗೆ ಸಾಲ ಹೋಗಿದೆಯೇ, ಅವರದೇ ಕಟ್ಟಡಕ್ಕೆ ಬಾಡಿಗೆ ಹೋಗುತ್ತಿದೆಯೇ ಎಂದು ತಿಳಿಯಲು ಅಂಕಿ ಓದಲು ಬಂದರೆ ಸಾಕು. ‘ಕಂಟಿಂಜೆಂಟ್ ಲಯಬಿಲಿಟಿ’ ಎಂಬಲ್ಲಿ ತೆರಿಗೆ ವ್ಯಾಜ್ಯಗಳೂ ಕೊಟ್ಟ ಗ್ಯಾರಂಟಿಗಳೂ ಇರುತ್ತವೆ. ಆ ಮೊತ್ತ ಕಂಪನಿಯ ಒಟ್ಟು ನಿವ್ವಳ ಮೌಲ್ಯಕ್ಕೆ ಸಮೀಪವಿದ್ದರೆ ಹೆದರಬೇಕು.

ಮೊಬೈಲಿನ ಭಾಷಾಂತರ ಸಾಧನಗಳನ್ನು ಬಳಸಬಹುದು, ವಾಕ್ಯಗಳಿಗೆ ಮಾತ್ರ. ಅಂಕಿಗಳನ್ನು ಮೂಲದಲ್ಲೇ ನೋಡಿ, ಮತ್ತು ಪುಟದ ಮೇಲ್ತುದಿಯಲ್ಲಿ ಮೊತ್ತಗಳು ಲಕ್ಷಗಳಲ್ಲಿವೆಯೇ ಕೋಟಿಗಳಲ್ಲಿವೆಯೇ ಎಂಬುದನ್ನು ಮೊದಲು ಓದಿಕೊಳ್ಳಿ.

ಪ್ರಶ್ನೆ: ನನ್ನಲ್ಲಿ ಈಗಾಗಲೇ ಇರುವ ಒಂದು ಸಣ್ಣ ಸಾಫ್ಟ್‌ವೇರ್ ಕಂಪನಿಯ ಲೆಕ್ಕಪರಿಶೋಧಕರು ‘ಇತರ ಕೆಲಸಗಳ ಒತ್ತಡ’ ಎಂಬ ಕಾರಣ ಕೊಟ್ಟು ರಾಜೀನಾಮೆ ನೀಡಿದ್ದಾರೆ. ಚಿಂತಿಸಬೇಕೇ?
— ಬಸವಕಲ್ಯಾಣ

ಉತ್ತರ: ಚಿಂತಿಸಬೇಕು. ಕಂಪನಿ ಕಾಯ್ದೆಯ ಪ್ರಕಾರ ಲೆಕ್ಕಪರಿಶೋಧಕ ಸಂಸ್ಥೆಯನ್ನು ಒಮ್ಮೆಗೆ ಐದು ವರ್ಷಕ್ಕೆ ನೇಮಿಸಲಾಗುತ್ತದೆ. ಕೆಲಸದ ಒತ್ತಡ ಎರಡನೆಯ ವರ್ಷದ ನಡುವೆ, ಅದೂ ಫಲಿತಾಂಶ ಪ್ರಕಟವಾಗುವ ಮುನ್ನ, ಇದ್ದಕ್ಕಿದ್ದಂತೆ ಹುಟ್ಟುವಂಥದ್ದಲ್ಲ. ರಾಜೀನಾಮೆಯ ಪತ್ರ ತಲುಪಿದ 24 ಗಂಟೆಯೊಳಗೆ ಕಂಪನಿ ಅದರ ಕಾರಣಗಳನ್ನು ವಿನಿಮಯ ಕೇಂದ್ರಕ್ಕೆ ತಿಳಿಸಬೇಕಾಗಿರುವುದರಿಂದ ಆ ಪತ್ರ ನಿಮಗೂ ಸಿಗುತ್ತದೆ. ಕೇಳಿದ ಮಾಹಿತಿಯನ್ನು ಆಡಳಿತ ಮಂಡಳಿ ಕೊಡಲಿಲ್ಲ ಎಂಬ ಮಾತು ಅದರಲ್ಲಿ ಎಲ್ಲಿಯಾದರೂ ಇದ್ದರೆ, ನಷ್ಟದಲ್ಲಾದರೂ ಮಾರಿ ಹೊರಬರುವುದು ಲೇಸು. ಸಂಭಾವನೆಯ ವಿಚಾರದಲ್ಲಿ ಒಮ್ಮತ ಬರಲಿಲ್ಲ ಎಂದಷ್ಟೇ ಇದ್ದರೆ, ಹಿಂದಿನ ವರ್ಷದ ವರದಿಯಲ್ಲಿ ಅವರಿಗೆ ಕೊಟ್ಟ ಶುಲ್ಕ ಎಷ್ಟೆಂದು ನೋಡಿ, ಹೊಸದಾಗಿ ಬರುವವರು ಎಷ್ಟು ಕಂಪನಿಗಳ ಲೆಕ್ಕ ನೋಡುತ್ತಾರೆ, ಆ ಕಂಪನಿಗಳು ಯಾವುವು ಎಂದು ಹುಡುಕಿ. ಅವರ ಸಹಿಯಿರುವ ಮೊದಲ ವಾರ್ಷಿಕ ವರದಿ ಬರುವವರೆಗೆ, ಬೆಲೆ ಎಷ್ಟೇ ಇಳಿದರೂ, ಇನ್ನಷ್ಟು ಷೇರು ಕೊಂಡು ಸರಾಸರಿ ತಗ್ಗಿಸುವ ಪ್ರಯತ್ನ ಮಾಡಬೇಡಿ.